ಮೈಲಾರಕ್ಕೆ ನಡೆದು ಹೋಗುವವರಿಗೊಂದು ಕಿವಿಮಾತು

ತಮ್ಮಾ, ಭರತ ಹುಣ್ಣಿಮೆ ಬಂತೆಂದರೆ ಕೊಟ್ಟೂರು, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆಯ ಹುಡುಗರು ಮೈಲಾರಲಿಂಗನ ಕಾರಣಿಕ, ಅಂದರೆ ಗೊರವಯ್ಯ ನುಡಿಯುವ ಭವಿಷ್ಯವಾಣಿ, ಕೇಳಲು ನಡೆದೇ ಹೊರಡುತ್ತೀರಿ. ನಡೆಯಿರಿ, ಬೇಡ ಎನ್ನುವುದಿಲ್ಲ. ಆದರೆ ಬಿಸಿಲಲ್ಲಿ ನಡೆಯುವಾಗ ಮೈಯೊಳಗೆ ಏನಾಗುತ್ತದೆ ಎಂಬುದನ್ನು ತಿಳಿದು ನಡೆಯಿರಿ.

ಸುಮ್ಮನೆ ಕೂತಾಗ ಗುಂಡಿಗೆ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ದಬ್ಬುತ್ತದೆ. ಚರ್ಮದ ಪಾಲಿಗೆ ಅದರಲ್ಲಿ ಅರ್ಧ ಲೀಟರೂ ಬಾರದು. ಬಿರುಸಾಗಿ ನಡೆಯತೊಡಗಿದರೆ ಕಾಲಿನ ಸ್ನಾಯುಗಳು ಹೆಚ್ಚು ರಕ್ತ ಕೇಳುತ್ತವೆ. ಮೈ ಕಾದ ಮೇಲೆ ಚರ್ಮವೂ ಕೇಳುತ್ತದೆ. ಒಳಗಿನ ಕಾವನ್ನು ಹೊರಗೆ ತಂದು ಬೆವರಿನಿಂದ ಆರಿಸುವುದು ಅದರ ಕೆಲಸ. ವಿಪರೀತ ಸೆಕೆಯಲ್ಲಿ ಚರ್ಮವೊಂದಕ್ಕೇ ನಿಮಿಷಕ್ಕೆ 6-8 ಲೀಟರ್ ಹರಿಯಬಲ್ಲದು. ಒಂದೇ ತೂಬಿನ ನೀರಿಗೆ ಎರಡು ಹೊಲದವರು ಕಾದು ನಿಂತ ಹಾಗೆ.

ಕುತ್ತಿಗೆಯ ರಕ್ತನಾಳದಲ್ಲಿ, ಗುಂಡಿಗೆಯಿಂದ ಹೊರಡುವ ಮಹಾಪಧಮನಿಯಲ್ಲಿ ರಕ್ತದೊತ್ತಡ ಅರಿಯುವ ನರತುದಿಗಳಿವೆ. ಬೆವರಿ ಮೈಯ ನೀರು ಇಳಿದು ಒತ್ತಡ ಕುಸಿಯಹತ್ತಿದರೆ ಅವು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಆಗ ಗುಂಡಿಗೆಯ ಬಡಿತ ಏರುತ್ತದೆ, ಚರ್ಮದ ರಕ್ತನಾಳಗಳು ಇನ್ನಷ್ಟು ಹಿಗ್ಗದಂತೆ ತಡೆ ಬೀಳುತ್ತದೆ. ಮಿದುಳಿಗೆ ರಕ್ತ ಉಳಿಯುತ್ತದೆ, ಆದರೆ ಕಾವು ಒಳಗೇ ಕೂತು ಏರುತ್ತದೆ. ನೀರು ಕುಡಿಯದೆ ಹಟ ಹಿಡಿದು ನಡೆಯಬೇಡ ಎನ್ನುವುದು ಇದಕ್ಕೇ.

ನೀರನ್ನು, ಉಪ್ಪು ಹಾಕಿದ ಮಜ್ಜಿಗೆಯನ್ನು ಆಗಾಗ ಕುಡಿ. ನಸುಕಿನಲ್ಲಿ, ಸಂಜೆ ನಡೆ. ನಡು ಮಧ್ಯಾಹ್ನ ನೆರಳು ಹಿಡಿ. ಮೈಲಾರಲಿಂಗನ ಭಕ್ತರಾದ ಗೊರವಪ್ಪಗಳು ಜೊತೆಗಿದ್ದರೆ, ಕೂತಾಗಲಾದರೂ ಕರಿ ಕಂಬಳಿ ತೆಗೆದು ಮೈಗೆ ಗಾಳಿ ತಾಗಿಸಿಕೊಳ್ಳಲು ಹೇಳು.

ಇನ್ನು ಕಾರಣಿಕ ನಡೆಯುವ ಡೆಂಕನಮರಡಿಯ ಮಾತು. ದೂರ ನಡೆದು ಬಂದವರು ಅಲ್ಲಿ ಜನಸಾಗರದ ನಡುವೆ ಅಲುಗಾಡದೆ ನಿಲ್ಲುತ್ತೀರಿ. ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದನೆಂದರೆ ಕಾಲು ಕದಲಿಸುವವರೂ ಇಲ್ಲ. ನಡೆಯುವಷ್ಟು ಹೊತ್ತು ಮೀನಖಂಡದ ಸ್ನಾಯುಗಳು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ನಿಂತೊಡನೆ ಆ ಕೆಲಸ ನಿಂತಿತು; ಕಾದ ಚರ್ಮದ ನಾಳಗಳು ಮಾತ್ರ ಇನ್ನೂ ತೆರೆದೇ ಇವೆ. ರಕ್ತ ಕಾಲಲ್ಲಿ ತಂಗುತ್ತದೆ, ಕಣ್ಣಿಗೆ ಕತ್ತಲು ಕವಿಯುತ್ತದೆ. ಅದಕ್ಕೇ ಮರಡಿ ಮುಟ್ಟುವ ಮೊದಲೇ ನಡಿಗೆ ನಿಧಾನ ಮಾಡು. ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸುತ್ತಿರು.

ಪಕ್ಕದವರು ಬವಳಿ ಬಂದು ಬಿದ್ದರೆ ಎತ್ತಿ ನಿಲ್ಲಿಸಬೇಡ. ನೆರಳಲ್ಲಿ ಮಲಗಿಸಿ ಕಾಲು ಮೇಲೆತ್ತು. ಮೈ ಕೆಂಡವಾಗಿ, ಮಾತು ತೊದಲಿ, ಎಲ್ಲಿದ್ದೇನೆಂಬ ಅರಿವು ತಪ್ಪಿದರೆ ಅದು ಶಾಖಾಘಾತ. ತಡಮಾಡದೆ 108ಕ್ಕೆ ಕರೆ ಮಾಡಿಸು, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಿರು.

ಬಿಪಿ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಜೊತೆಗೆ ಬರುವುದಾದರೆ ಮೊದಲು ವೈದ್ಯರನ್ನು ಕಾಣಲಿ. ಕೆಲವು ಮಾತ್ರೆಗಳು ಮೂತ್ರ ಹೆಚ್ಚಿಸಿ ಮೈಯ ನೀರು ಇಳಿಸುತ್ತವೆ. ಹಾಗೆಂದು ತಾವಾಗಿಯೇ ಮಾತ್ರೆ ಬಿಡುವುದು ಬೇಡ.

ಹರಕೆ ತೀರಿಸಲು ಮೈ ಗಟ್ಟಿಯಿರಬೇಕು ತಮ್ಮಾ. ದಾರಿಯಲ್ಲಿ ಆಯಾಸವಾದರೆ ಕೂತು ಹೋಗಲು ನಾಚಬೇಡ. ತಡವಾಗಿ ಮುಟ್ಟಿದವನ ಹರಕೆಯನ್ನೂ ಮೈಲಾರಲಿಂಗ ಒಪ್ಪಿಕೊಳ್ಳುತ್ತಾನೆ.