ಮೋಡಕ್ಕೆ ಬೈಯಬೇಡ ಮಗಾ

ಹಂಪಿಗೆ ಹೋಗಿ ಒಂದೇ ದಿನದಲ್ಲಿ ಏಳುನೂರು ಚಿತ್ರ ಹೊತ್ತು ತಂದೆಯಲ್ಲ, ನಿನ್ನೆ ಕೂತು ಅಷ್ಟೂ ನೋಡಿದೆ. ಕೈ ಪಳಗಿದೆ, ಕಣ್ಣೂ ಇದೆ. ಇಲ್ಲದ್ದು ಒಂದು ಕಡೆ ಕುಕ್ಕರಿಸುವ ಬುದ್ಧಿ.

ಹನ್ನೊಂದಕ್ಕೆ ಬಸ್ಸಿಳಿದು ಮೂರಕ್ಕೆ ಹತ್ತಿದರೆ ಹಂಪಿ ನಿನಗೇನು ತೋರಿಸೀತು? ಸೂರ್ಯ ನೆತ್ತಿಯ ಮೇಲಿದ್ದಾಗ ನೆರಳೆಲ್ಲ ಬಂಡೆಯ ಬುಡ ಸೇರಿರುತ್ತದೆ. ನೆರಳಿಲ್ಲದ ಬಂಡೆ ಒಣಹಾಕಿದ ಹಪ್ಪಳದಷ್ಟೇ ಚಪ್ಪಟೆ. ಅದೇ ನಸುಕಿಗೆ ಮಾತಂಗ ಬೆಟ್ಟ ಹತ್ತಿ ಕೂತು ನೋಡು. ಎಳೆಬಿಸಿಲು ಅಡ್ಡಡ್ಡ ಬೀಳುತ್ತದೆ. ಕೆಳಗಿನ ಅಚ್ಯುತರಾಯ ದೇವಾಲಯದ ಕಂಬಗಳು ಉದ್ದುದ್ದ ನೆರಳು ಚಾಚುತ್ತವೆ, ಗುಂಡುಕಲ್ಲುಗಳು ಮೈಕೈ ತುಂಬಿಕೊಳ್ಳುತ್ತವೆ. ಆಗ ಬೆಳಕು ಹೆಚ್ಚು ಗಾಳಿ ದಾಟಿ ಬರಬೇಕು. ದಾರಿಯಲ್ಲೇ ನೀಲಿ ಚದುರಿಹೋಗಿ ಹೊನ್ನು ಉಳಿಯುತ್ತದೆ. ನಮ್ಮ ಸೀಮೆಯ ಸೂರ್ಯ ಸರಸರನೆ ಮೇಲೇರುವವನು. ನೀನು ಲೆನ್ಸ್ ಒರೆಸಿ ಸೆಲ್ಫಿ ಮುಗಿಸುವಷ್ಟರಲ್ಲಿ ಆ ಬಣ್ಣವೇ ಇರುವುದಿಲ್ಲ.

ಹಾಗಂತ ಬಿಸಿಲೇ ದೊಡ್ಡದಲ್ಲ. ಬಂಡೆಗೆ ಬಿಸಿಲು, ಕಾಡಿಗೆ ಮೋಡ. ಆಗುಂಬೆಯ ಕಾಡಿನೊಳಗೆ ಸುಡುಬಿಸಿಲಲ್ಲಿ ತೆಗೆದರೆ ಎಲೆಯ ಮೇಲೆ ಸುಣ್ಣ ಚೆಲ್ಲಿದಂತೆ ಬಿಳಿ, ಪಕ್ಕದಲ್ಲೇ ಮಸಿ. ಮೋಡ ಕವಿಯಲಿ, ಹಸಿರು ಹಿಂಡಿದರೆ ಸುರಿಯುವಂತಿರುತ್ತದೆ. ಒದ್ದೆ ಎಲೆಯ ಹೊಳಪು ಕಣ್ಣು ಕುಕ್ಕಿದರೆ ಪೋಲರೈಸರ್ ತಿರುಗಿಸು.

ಮಂಜು ಅಂದರೆ ನನಗೆ ಹುಚ್ಚು. ಒಮ್ಮೆ ಜುಲೈಯಲ್ಲಿ ಮುಳ್ಳಯ್ಯನಗಿರಿಗೆ ಹೋಗಿದ್ದೆ. 1,930 ಮೀಟರ್ ಎತ್ತರ, ಕೈಯಲ್ಲಿ 36 ಚಿತ್ರದ ಒಂದು ರೋಲು. ಮೂರು ಗಂಟೆ ಕೂತರೂ ಕಂಡದ್ದು ನನ್ನ ಚಪ್ಪಲಿ ಮಾತ್ರ. ಆಮೇಲೆ ಅರೆಗಳಿಗೆ ಮಂಜು ಸರಿಯಿತು: ಒಂದು ಗುಡ್ಡ, ಅದರ ಹಿಂದೆ ಮಾಸಲಾಗಿ ಇನ್ನೊಂದು, ಅದರಾಚೆ ಇದೆಯೋ ಇಲ್ಲವೋ ಎಂಬಂತೆ ಮತ್ತೊಂದು. ಎರಡು ಸಲ ಕ್ಲಿಕ್ಕಿಸಿದೆ. ಹತ್ತು ದಿನದ ಮೇಲೆ ತೊಳೆಸಿ ನೋಡಿದರೆ ಮಂಜೆಲ್ಲ ಕೊಳೆ ಪಂಚೆಯ ಬಣ್ಣ! ತಪ್ಪು ನನ್ನದೇ. ಕ್ಯಾಮೆರಾದ ಬೆಳಕಿನ ಮೀಟರನ್ನು ಕಣ್ಣುಮುಚ್ಚಿ ನಂಬಿದ್ದೆ. ಅದಕ್ಕೆ ಲೋಕವೆಲ್ಲ ನಡುಬೂದು. ಬಿಳಿ ಕಂಡರೆ ಕತ್ತಲು ಮಾಡಿಬಿಡುತ್ತದೆ. ಮಂಜಿದ್ದಾಗ ಒಂದು ಸ್ಟಾಪ್ ಬೆಳಕು ಹೆಚ್ಚೇ ಕೊಡು. ನಿನಗಾದರೆ ಕ್ಯಾಮೆರಾದ ಬೆನ್ನಿಗೇ ಪರದೆ ಇದೆ, ಅಲ್ಲೇ ತಿದ್ದಿಕೊಳ್ಳಬಹುದು, ಪುಣ್ಯವಂತ.

ಮಳೆ ನಿಂತ ಮರುಗಳಿಗೆಯನ್ನಂತೂ ಬಿಡಬೇಡ. ಧೂಳೆಲ್ಲ ತೊಳೆದುಹೋಗಿ ದೂರದ ಬೆಟ್ಟ ಅಂಗಳಕ್ಕೆ ಬಂದಿರುತ್ತದೆ. ನೀನಾಗ ಕಾರಿನೊಳಗೆ ಕೂತು ಬಜ್ಜಿ ತಿನ್ನುತ್ತಿರುತ್ತೀಯ. ಕಾಮನಬಿಲ್ಲು ಬೇಕೇ? ಸೂರ್ಯನಿಗೆ ಬೆನ್ನು ಹಾಕಿ ನಿಲ್ಲು. ಅವನು 42 ಡಿಗ್ರಿಗಿಂತ ಮೇಲಿದ್ದರೆ ಬಯಲಲ್ಲಿ ನಿಂತು ಆಕಾಶ ಹುಡುಕುವುದು ದಂಡ.

ಹೊಸ ಲೆನ್ಸಿಗೆ ದುಡ್ಡು ಕೇಳಿದ್ದೆಯಲ್ಲ, ಈಗ ಕೊಡುವುದಿಲ್ಲ. ಮೊದಲು ನಮ್ಮೂರ ಹಿಂದಿನ ಗುಡ್ಡವೊಂದನ್ನೇ ಬೇಸಿಗೆಯ ಕಾವಳದಲ್ಲಿ, ಸೋನೆಯಲ್ಲಿ, ಮಾಗಿಯ ಇಬ್ಬನಿಯಲ್ಲಿ ತೆಗೆದು ತೋರಿಸು. ನಾಳೆ ಐದಕ್ಕೆ ಬಾಗಿಲು ಬಡಿಯುತ್ತೇನೆ. ಮೋಡವಿದ್ದರೂ ಏಳಬೇಕು.