ಊರಿನ ದಾರಿ, ಕಾರಿನ ಪ್ರಯಾಣ ಮತ್ತು ನಿದ್ರೆ

ಗಣೇಶನ ಹಬ್ಬ, ದೀಪಾವಳಿ ಅಥವಾ ಮಕ್ಕಳ ಬೇಸಗೆಯ ರಜೆ ಸಮೀಪಿಸಿತೆಂದರೆ ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಕನ್ನಡಿಗರ ಮನಸ್ಸು ಊರಿನತ್ತ ಹರಿಯುತ್ತದೆ. ಹಿಂದೆ ರೈಲು, ಬಸ್ಸುಗಳನ್ನೇ ನೆಚ್ಚಿದ್ದ ಅನೇಕ ಕುಟುಂಬಗಳು ಈಗ ಸ್ವಂತ ಕಾರಿನಲ್ಲಿ ಹೊರಡುತ್ತವೆ. ಬೆಳಗಾವಿ, ಧಾರವಾಡದ ಕಡೆಯವರು ಎಕ್ಸ್‌ಪ್ರೆಸ್‌ವೇ ಹಿಡಿದು ಪುಣೆ, ಸಾತಾರಾ, ಕೊಲ್ಹಾಪುರಗಳ ಮೂಲಕ ಸಾಗಿದರೆ, ಉಡುಪಿ, ಮಂಗಳೂರಿನವರು ಪನ್ವೇಲಿನಿಂದ ಕೊಂಕಣದ ಹೆದ್ದಾರಿಯಲ್ಲಿ ತೆರಳುತ್ತಾರೆ. ಹೊರಡುವ ಮುನ್ನ ವಾಹನದ ಟೈರು, ಬ್ರೇಕು, ದೀಪಗಳನ್ನು ಪರೀಕ್ಷಿಸುವವರು ಬಹಳ. ಚಾಲಕನ ದೇಹಸ್ಥಿತಿಯನ್ನು ವಿಚಾರಿಸುವವರು ವಿರಳ.

ನಿದ್ರೆಯ ಲೆಕ್ಕ

ಡೊಂಬಿವಲಿಯ ನೌಕರನೊಬ್ಬನು ನಸುಕಿನ 5 ಗಂಟೆಗೆ ಎದ್ದು, ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಕಚೇರಿಗೆ ಹೋಗಿ, ಸಂಜೆ ಮರಳಿ, ಊಟ ಮುಗಿಸಿ ರಾತ್ರಿ 10ಕ್ಕೆ ಕಾರು ಹೊರಡಿಸುತ್ತಾನೆಂದು ಭಾವಿಸೋಣ. ಅಷ್ಟರಲ್ಲಿ ಆತನು ಎಚ್ಚರವಿದ್ದು 17 ಗಂಟೆಗಳಾಗಿವೆ. 1997ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಪ್ರಕಟಿಸಿದ ಅಧ್ಯಯನದಂತೆ, 17 ಗಂಟೆಗಳ ಜಾಗರಣೆಯಿಂದ ಉಂಟಾಗುವ ಮಂದತೆಯು ರಕ್ತದಲ್ಲಿ ಶೇ. 0.05 ಮದ್ಯಾಂಶವಿದ್ದಾಗಿನ ಮಂದತೆಗೆ ಸಮಾನ. ನಮ್ಮ ಕಾನೂನು ಚಾಲಕನಿಗೆ ವಿಧಿಸಿರುವ ಮಿತಿಯಾದರೋ ಶೇ. 0.03 ಮಾತ್ರ. ಹನಿ ಮದ್ಯವನ್ನೂ ಮುಟ್ಟದ ಸದ್ಗೃಹಸ್ಥನು ಅಮಲೇರಿದವನಂತೆ ಚಕ್ರ ಹಿಡಿಯುತ್ತಾನೆಂಬುದು ಇದರ ತಾತ್ಪರ್ಯ.

ರಾತ್ರಿ 2ರಿಂದ ಮುಂಜಾನೆ 6ರವರೆಗೆ ದೇಹದ ಎಚ್ಚರ ಸಹಜವಾಗಿಯೇ ಕುಗ್ಗಿರುತ್ತದೆ. ಆ ವೇಳೆಗೆ ಕಾರು ಸಾತಾರಾ, ಕೊಲ್ಹಾಪುರಗಳ ನಡುವೆ ಇರುತ್ತದೆ. ಕಬ್ಬಿನ ಹಂಗಾಮಿನಲ್ಲಿ ಹಿಂದೀಪವಿಲ್ಲದ ಟ್ರ್ಯಾಕ್ಟರುಗಳು ಎದುರಾಗುವುದೂ ಅಲ್ಲಿಯೇ. ಗಂಟೆಗೆ 80 ಕಿ.ಮೀ. ವೇಗದಲ್ಲಿ 3 ಸೆಕೆಂಡು ಕಣ್ಣು ಮುಚ್ಚಿದರೆ ಕಾರು ಸುಮಾರು 66 ಮೀಟರು ಕುರುಡಾಗಿ ಓಡಿರುತ್ತದೆ.

ಪಾಲಿಸಬೇಕಾದ ನಿಯಮಗಳು

1. ಕಚೇರಿ ಮುಗಿಸಿದ ರಾತ್ರಿಯೇ ಹೊರಡದೆ, ಪೂರ್ಣ ನಿದ್ರೆ ಮಾಡಿ ಬೆಳಗಿನಲ್ಲಿ ಹೊರಡುವುದು ಉತ್ತಮ.

2. ಎರಡು ಗಂಟೆಗೊಮ್ಮೆ ವಾಹನ ನಿಲ್ಲಿಸಬೇಕು. ತೂಕಡಿಕೆ ಬಂದರೆ ಕಿಟಕಿ ತೆರೆಯುವುದೂ ಹಾಡು ಹಚ್ಚುವುದೂ ಪರಿಹಾರವಲ್ಲ. ಬೆಳಕಿರುವ ಸುರಕ್ಷಿತ ಸ್ಥಳದಲ್ಲಿ ಒಂದು ಲೋಟ ಕಾಫಿ ಕುಡಿದು 15–20 ನಿಮಿಷ ಮಲಗಬೇಕು. ಕಾಫಿಯ ಪರಿಣಾಮ ತೋರುವುದಕ್ಕೂ ಅಷ್ಟು ಕಾಲ ಬೇಕು.

3. ನೆಗಡಿಯ ಮಾತ್ರೆ, ಪ್ರಯಾಣದ ವಾಂತಿಗೆ ಸೇವಿಸುವ ಮಾತ್ರೆಗಳಲ್ಲಿ ಹಲವು ನಿದ್ರೆ ತರುತ್ತವೆ. ಮಧುಮೇಹಿಗಳು, ವಿಶೇಷವಾಗಿ ಇನ್ಸುಲಿನ್ ತೆಗೆದುಕೊಳ್ಳುವವರು, ಹೊತ್ತಿಗೆ ಸರಿಯಾಗಿ ಉಣ್ಣಬೇಕು. ಸಕ್ಕರೆಯನ್ನು ಕೈಗೆಟಕುವಲ್ಲಿ ಇರಿಸಿಕೊಳ್ಳಬೇಕು.

4. ಹಿಂದಿನ ಆಸನದವರೂ ಬೆಲ್ಟ್ ಧರಿಸಬೇಕು. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಜಿಲ್ಲೆಯ ಚಾರೋಟಿಯ ಬಳಿ ಉದ್ಯಮಿ ಸೈರಸ್ ಮಿಸ್ತ್ರಿಯವರು ಅಪಘಾತದಲ್ಲಿ ಮೃತಪಟ್ಟರು. ಹಿಂದೆ ಕುಳಿತಿದ್ದ ಇಬ್ಬರೂ ಬೆಲ್ಟ್ ಧರಿಸಿರಲಿಲ್ಲವೆಂದು ಪೊಲೀಸರು ತಿಳಿಸಿದರು; ಇಬ್ಬರೂ ಉಳಿಯಲಿಲ್ಲ. ಮುಂದಿದ್ದ ಇಬ್ಬರು ತೀವ್ರವಾಗಿ ಗಾಯಗೊಂಡರೂ ಬದುಕಿದರು.

5. ವಿಮೆ, ಲೈಸೆನ್ಸುಗಳ ಅವಧಿಯನ್ನು ನೋಡಿಕೊಳ್ಳಬೇಕು. ಮಾಲೀಕ-ಚಾಲಕನ 15 ಲಕ್ಷ ರೂಪಾಯಿಗಳ ಅಪಘಾತ ವಿಮೆಗೆ ಊರ್ಜಿತ ಲೈಸೆನ್ಸ್ ಅಗತ್ಯ. ಆಪತ್ತಿನಲ್ಲಿ 112, ಹೆದ್ದಾರಿಯ ನೆರವಿಗೆ 1033 ಸಂಖ್ಯೆಗಳು ಮನೆಯವರೆಲ್ಲರಿಗೂ ತಿಳಿದಿರಲಿ.

ಪರದೇಶದಲ್ಲಿ

ಮಕ್ಕಳನ್ನು ಕಾಣಲು ಅಮೆರಿಕೆಗೆ ಹೋಗುವ ಹಿರಿಯರಿಗೂ ಇದೇ ಪಾಠ ಅನ್ವಯಿಸುತ್ತದೆ. ಇಲ್ಲಿನ ಸಾರಿಗೆ ಕಚೇರಿಗಳು ಕೊಡುವ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಹೆಚ್ಚೆಂದರೆ ಒಂದು ವರ್ಷ ನಡೆಯುತ್ತದೆ; ಆದರೆ ಅದು ವಿಮಾನದಲ್ಲಿ ಕಳೆದುಕೊಂಡ ನಿದ್ರೆಯನ್ನು ತುಂಬಿಕೊಡದು. ಇಳಿದ ದಿನವೇ ಬಲಬದಿಯ ಸಂಚಾರದ ರಸ್ತೆಯಲ್ಲಿ ಕಾರು ನಡೆಸುವ ಸಾಹಸ ಬೇಡ. ರಸ್ತೆ ದಾಟುವಾಗಲೂ ಅಲ್ಲಿ ಮೊದಲು ಎಡಕ್ಕೆ ನೋಡಬೇಕು.

ನಿದ್ರೆಯ ಸಾಲಕ್ಕೆ ರಿಯಾಯಿತಿಯಿಲ್ಲ. ಅದನ್ನು ನಿದ್ರೆಯಿಂದಲೇ ತೀರಿಸಬೇಕು. ಊರಿನಲ್ಲಿ ಕಾದಿರುವ ತಾಯಿತಂದೆಯರಿಗೆ ಮಗನು ಬೆಳಗಿನ ತಿಂಡಿಯ ಹೊತ್ತಿಗೆ ಬಂದರೇನು, ರಾತ್ರಿಯ ಊಟದ ಹೊತ್ತಿಗೆ ಬಂದರೇನು? ಸುಖವಾಗಿ ಬಂದನೆಂಬುದೇ ಅವರಿಗೆ ಹಬ್ಬ.