ನಾಯಿಯ ಕಿವಿಸೋಂಕು: ತೊಳೆಯುವ ದ್ರಾವಣದ ಸರಿಯಾದ ಬಳಕೆ

ಕೋಲ್ಕತ್ತದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯೂ ಸೆಕೆಯೂ ಜೊತೆಯಾಗಿರುವುದರಿಂದ, ಲ್ಯಾಬ್ರಡಾರ್, ಕಾಕರ್ ಸ್ಪ್ಯಾನಿಯಲ್‌ಗಳಂತಹ ಜೋಲುಗಿವಿಯ ನಾಯಿಗಳ ಕಿವಿಯೊಳಗಿನ ತೇವ ಆರದೆ ಉಳಿದು, ಚರ್ಮದ ಮೇಲೆ ಸಹಜವಾಗಿ ಅಲ್ಪ ಪ್ರಮಾಣದಲ್ಲಿರುವ ಮಲಾಸೆಜಿಯಾ ಎಂಬ ಯೀಸ್ಟ್, ಅಂದರೆ ಏಕಕೋಶ ಶಿಲೀಂಧ್ರ, ಮಿತಿಮೀರಿ ಬೆಳೆಯುತ್ತದೆ. ಕಂದು ಬಣ್ಣದ ಜಿಡ್ಡು ಗುಗ್ಗೆ, ದುರ್ವಾಸನೆ, ಪದೇ ಪದೇ ತಲೆ ಕೊಡವುವುದು ಇದರ ಲಕ್ಷಣಗಳು. ಹಳದಿ ಅಥವಾ ಹಸಿರು ಕೀವು ಬ್ಯಾಕ್ಟೀರಿಯಾವನ್ನೂ ಕಾಫಿಪುಡಿಯಂತಹ ಕಪ್ಪು ಕಸ ಕಿವಿಯ ನುಸಿಯನ್ನೂ ಸೂಚಿಸುವುದುಂಟಾದರೂ, ಬಣ್ಣವನ್ನಷ್ಟೇ ನೋಡಿ ಔಷಧ ಹಾಕುವುದು ಸರಿಯಲ್ಲ.

ನಾಯಿಯ ಕಿವಿನಾಳ ಕೆಳಕ್ಕಿಳಿದು ಬಳಿಕ ಅಡ್ಡಕ್ಕೆ ತಿರುಗುವುದರಿಂದ, ಅದರ ಕೊನೆಯಲ್ಲಿರುವ ಕಿವಿತಮಟೆ ಹೊರಗಿನಿಂದ ಕಾಣುವುದಿಲ್ಲ. ತಮಟೆ ಹರಿದಿದ್ದಾಗ ಕ್ಲೋರ್‌ಹೆಕ್ಸಿಡಿನ್‌ನಂತಹ ಸೋಂಕುನಾಶಕ ಒಳಗಿವಿಯವರೆಗೆ ತಲುಪಿದರೆ ನಾಯಿ ಕಿವುಡಾಗಬಹುದು, ದೇಹದ ಸಮತೋಲನವನ್ನೂ ಕಳೆದುಕೊಳ್ಳಬಹುದು. ಆದ್ದರಿಂದ ದ್ರಾವಣದ ಸೀಸೆ ತೆರೆಯುವ ಮೊದಲೇ ಪಶುವೈದ್ಯರು ಒಟೊಸ್ಕೋಪ್ ಎಂಬ ದೀಪವುಳ್ಳ ಉಪಕರಣದಿಂದ ತಮಟೆಯನ್ನು ನೋಡಿ, ಗುಗ್ಗೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಬೇಕು. ನಗರದ ಬೆಲ್ಗಾಚಿಯಾದಲ್ಲಿ 1893ರಲ್ಲಿ ಆರಂಭವಾದ ಬಂಗಾಳ ಪಶುವೈದ್ಯ ಕಾಲೇಜು ಇಂದು ಪಶುವೈದ್ಯ ವಿಶ್ವವಿದ್ಯಾಲಯದ ಭಾಗವಾಗಿದ್ದು, ಅಲ್ಲಿ ಪಶುಚಿಕಿತ್ಸಾಲಯವೂ ಇದೆ.

ದ್ರಾವಣಗಳೆಲ್ಲ ಒಂದೇ ಬಗೆಯವಲ್ಲ. ಕೆಲವು ಗುಗ್ಗೆಯನ್ನು ಕರಗಿಸುತ್ತವೆ; ಸ್ಯಾಲಿಸಿಲಿಕ್ ಆಮ್ಲ, ಬೋರಿಕ್ ಆಮ್ಲಗಳಿರುವವು ನಾಳವನ್ನು ಒಣಗಿಸಿ ಯೀಸ್ಟ್‌ಗೆ ಪ್ರತಿಕೂಲವಾಗುತ್ತವೆ; ಟ್ರಿಸ್-ಇಡಿಟಿಎ ಎಂಬುದು ಸುಲಭವಾಗಿ ಬಗ್ಗದ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾದ ಹೊರಪೊರೆಯನ್ನು ಸಡಿಲಿಸಿ, ಅನಂತರ ಹಾಕುವ ಆ್ಯಂಟಿಬಯೋಟಿಕ್‌ಗೆ ದಾರಿ ಮಾಡಿಕೊಡುತ್ತದೆ.

ಸೀಸೆಯನ್ನು ಅಂಗೈಯಲ್ಲಿ ಹಿಡಿದು ಉಗುರುಬೆಚ್ಚಗೆ ಮಾಡಿಕೊಂಡು, ಕಿವಿಯ ಹಾಳೆಯನ್ನು ಮೇಲಕ್ಕೆತ್ತಿ, ಸೀಸೆಯ ತುದಿ ಚರ್ಮಕ್ಕೆ ತಾಗದಂತೆ ನಾಳ ತುಂಬುವಷ್ಟು ದ್ರಾವಣ ಸುರಿಯಬೇಕು. ಕಿವಿಯ ಬುಡವನ್ನು ಸುಮಾರು ಅರ್ಧ ನಿಮಿಷ ಮೃದುವಾಗಿ ನೀವಿ, ಒಳಗೆ ಪಿಚಪಿಚ ಸದ್ದು ಕೇಳಿದ ಮೇಲೆ ಕೈಬಿಟ್ಟರೆ ನಾಯಿ ತಾನೇ ತಲೆ ಕೊಡವಿ, ಕರಗಿದ ಕೊಳೆಯನ್ನು ಮೇಲಕ್ಕೆ ತರುತ್ತದೆ. ಬೆರಳಿಗೆ ಹತ್ತಿ ಸುತ್ತಿಕೊಂಡು ಕಣ್ಣಿಗೆ ಕಾಣುವ ಭಾಗವನ್ನು ಮಾತ್ರ ಒರೆಸಬೇಕು; ಹತ್ತಿಕಡ್ಡಿ ಕೊಳೆಯನ್ನು ಇನ್ನಷ್ಟು ಒಳಕ್ಕೆ ತಳ್ಳುವುದರಿಂದ ಅದನ್ನು ಬಳಸಲೇಬಾರದು. ವೈದ್ಯರು ಬೇರೆ ಅವಧಿ ಹೇಳಿರದಿದ್ದರೆ, ಕಿವಿ ಆರಿದ ಬಳಿಕವೇ ಔಷಧದ ಹನಿ ಹಾಕಬೇಕು.

ಬಂಗಾಳದ ಮನೆಗಳಲ್ಲಿ ಸದಾ ಕೈಗೆಟಕುವ ಸಾಸಿವೆ ಎಣ್ಣೆಯಾಗಲಿ, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್‌ಗಳಾಗಲಿ ಉರಿಯೆದ್ದ ಕಿವಿಗೆ ತಕ್ಕವಲ್ಲ. ತೊಳೆಯುವಾಗ ನಾಯಿ ನೋವಿನಿಂದ ಚೀರಿದರೆ, ರಕ್ತ ಬಂದರೆ ಅಥವಾ ಅದರ ತಲೆ ಒಂದು ಕಡೆಗೆ ವಾಲಿದರೆ ಕೂಡಲೇ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ವಾಸಿಯಾದ ಸೋಂಕು ಮತ್ತೆ ಮತ್ತೆ ಮರುಕಳಿಸುತ್ತಿದ್ದರೆ, ಅದರ ಹಿಂದೆ ಬಹುಪಾಲು ಚರ್ಮದ ಅಥವಾ ಆಹಾರದ ಅಲರ್ಜಿ ಇರುವುದರಿಂದ, ದ್ರಾವಣ ಬದಲಿಸುವುದಕ್ಕಿಂತ ಅಲರ್ಜಿಯ ತಪಾಸಣೆಯನ್ನೇ ಮೊದಲು ಮಾಡಿಸಬೇಕು.